‘ಡು’ ಎಲ್ಲಿಂದ ಬಂತು, ಏನು ಮಾಡುತ್ತದೆ?

(ಇಂಗ್ಲಿಷ್ ಕಲಿಸುವವರು, ಕಲಿಯುವವರು ಸೇರಿದ್ದ ಸಭೆಯಲ್ಲಿ ಆಡಿದ ಮಾತಿನ ಬರಹ ರೂಪ ಇದು. ಮಾತಿನ ಓಟವನ್ನು ಆದಷ್ಟು ಹಾಗೇ ಇಟ್ಟಿದ್ದೇನೆ. ಬೋರ್ಡಿನ ಮೇಲೆ ಬರೆದು ತೋರಿಸಿದ್ದನ್ನು ಮಾತ್ರ ವಾಕ್ಯಗಳಿಗೆ ತಂದಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಇವತ್ತು ಮಾತಾಡಲು ನಾನು ಆರಿಸಿಕೊಂಡಿರುವುದು ತೀರಾ ಚಿಕ್ಕ ಇಂಗ್ಲಿಷ್ ಪದ: ಡು. ‘ಮಾಡು’ ಎಂದು ಅರ್ಥ. ಒಂದನೇ ಕ್ಲಾಸಿನ ಮಗುವಿಗೂ ಗೊತ್ತಿರುವ ಪದ ಅಲ್ವಾ? ಆದರೆ ಈ ವಾಕ್ಯ ನೋಡಿ: ‘ಡು ಯು ನೋ ಕನ್ನಡ?’ ಇದನ್ನು ಕನ್ನಡಕ್ಕೆ ತರೋಣ. ‘ಯು’ ಅಂದರೆ ನಿಮಗೆ, ‘ನೋ’ ಅಂದರೆ ಗೊತ್ತು, ಕನ್ನಡ ಅಂದರೆ ಕನ್ನಡವೇ. ‘ನಿಮಗೆ ಕನ್ನಡ ಗೊತ್ತಾ?’ ಮುಗಿಯಿತು. ಹಾಗಾದರೆ ಮೊದಲಿಗೆ ನಿಂತಿರುವ ‘ಡು’ ಯಾಕೆ ಬಂತು? ಇಲ್ಲಿ ಯಾರೂ ಏನನ್ನೂ ಮಾಡುತ್ತಿಲ್ಲ. ನಾವು ಬಾಲಕ್ಕೆ ಒಂದು ‘ಆ’ ಸೇರಿಸಿದರೆ ಪ್ರಶ್ನೆ ಆಗುತ್ತದೆ. ಇಂಗ್ಲಿಷಿಗೆ ಮಾತ್ರ ಇಡೀ ಒಂದು ಕ್ರಿಯಾಪದ ಬೇಕು. ಅದೂ ಅರ್ಥವೇ ಇಲ್ಲದ್ದು.

ಕ್ಲಾಸಿನಲ್ಲಿ ಹುಡುಗರು ಈ ಪ್ರಶ್ನೆ ಕೇಳಿದರೆ ‘ಅದು ಹೆಲ್ಪಿಂಗ್ ವರ್ಬ್, ಹಾಗೇ ಬರೆದುಕೊಳ್ಳಿ’ ಅನ್ನುತ್ತೇವೆ. ತಪ್ಪು ಉತ್ತರವೇನಲ್ಲ. ಆದರೆ ಇಂಗ್ಲಿಷಿನ ಅಕ್ಕತಂಗಿ ಭಾಷೆಗಳಾದ ಜರ್ಮನ್, ಡಚ್, ಸ್ವೀಡಿಷ್‌ಗಳಲ್ಲಿ ಪ್ರಶ್ನೆ ಕೇಳಲು ಇಂಥ ಹೆಲ್ಪಿಂಗ್ ವರ್ಬ್ ಬೇಕಿಲ್ಲ. ಕ್ರಿಯಾಪದವನ್ನೇ ಮುಂದಕ್ಕೆ ತಂದರೆ ಸಾಕು. ಇಂಗ್ಲಿಷ್ ಕೂಡ ಒಂದು ಕಾಲದಲ್ಲಿ ಹಾಗೇ ಇತ್ತು. ‘ನೋ ಯು ಹಿಮ್?’ ಅಂದರೆ ಸರಿಯಾದ ಇಂಗ್ಲಿಷೇ ಆಗಿತ್ತು.

ನಾನು ಹೇಳಬೇಕೆಂದಿರುವುದು ಇಷ್ಟು. ‘ಡು’ ತನ್ನ ಸ್ವಂತ ಅರ್ಥವನ್ನು ಬಿಟ್ಟುಕೊಟ್ಟು ಬೇರೆ ಕ್ರಿಯಾಪದಗಳ ಸಹಾಯಕ್ಕೆ ನಿಂತಿದೆ. ಒಂದು ಸಲ ಅಲ್ಲ, ಎರಡು ಸಲ. ನಮ್ಮ ‘ಮಾಡು’ ಅದೇ ಕೆಲಸವನ್ನು ಈಗ ನಮ್ಮ ಕಣ್ಣೆದುರೇ ಮಾಡುತ್ತಿದೆ. ಹಾಗಾಗಿ ‘ಡು’ವಿನ ಚರಿತ್ರೆ ಕನ್ನಡದವರಿಗೆ ಬಹಳ ಬೇಗ ಹಿಡಿತಕ್ಕೆ ಸಿಗುತ್ತದೆ.

ಮೊದಲು ಬೇರಿನಿಂದ ಶುರು ಮಾಡೋಣ.

ಸಾವಿರ ವರ್ಷದ ಹಿಂದಿನ ಇಂಗ್ಲಿಷಿನಲ್ಲಿ ಈ ಪದದ ರೂಪ ‘ಡೋನ್’. ಜರ್ಮನ್‌ನಲ್ಲಿ ‘ಟುನ್’. ಇನ್ನೂ ಹಿಂದಕ್ಕೆ ಹೋದರೆ ಇಂಗ್ಲಿಷ್, ಗ್ರೀಕ್, ಲ್ಯಾಟಿನ್, ಸಂಸ್ಕೃತ ಎಲ್ಲಕ್ಕೂ ಮೂಲವಾದ ಇಂಡೋ-ಯುರೋಪಿಯನ್ ಭಾಷೆಗೆ ಮುಟ್ಟುತ್ತೇವೆ. ಅಲ್ಲಿ ಇದರ ಬೇರು ಸುಮಾರಾಗಿ ‘ಧೇ’ ಎಂಬಂತೆ ಇತ್ತು. ಅದರ ಅರ್ಥ ‘ಮಾಡು’ ಅಲ್ಲ, ‘ಇಡು’. ಒಂದು ವಸ್ತುವನ್ನು ಒಂದು ಜಾಗದಲ್ಲಿ ಇಡುವುದು. ಸಂಸ್ಕೃತದಲ್ಲಿ ಅದೇ ಬೇರು ‘ಧಾ’ ಆಗಿ ಉಳಿದಿದೆ. ‘ದಧಾತಿ’ ಅಂದರೆ ಇಡುತ್ತಾನೆ.

‘ಇಡು’ ಎನ್ನುವ ಈ ಹಳೆಯ ಅರ್ಥ ಇಂಗ್ಲಿಷಿನಲ್ಲಿ ಪೂರ್ತಿ ಅಳಿಸಿಹೋಗಿಲ್ಲ. ಬಟ್ಟೆ ತೊಡುವುದಕ್ಕೆ ‘ಡಾನ್’ ಎಂಬ ಕ್ರಿಯಾಪದ ಇದೆ. ಅದು ‘ಡು ಆನ್’ ಎರಡೂ ಸೇರಿ ಆದದ್ದು. ಮೈಮೇಲೆ ಇಡು ಎಂದು. ಟೋಪಿ ತೆಗೆದು ಗೌರವ ತೋರಿಸುವುದಕ್ಕೆ ‘ಡಾಫ್’ ಅನ್ನುತ್ತಾರೆ. ಅದು ‘ಡು ಆಫ್’. ಇಲ್ಲಿ ‘ಮಾಡು’ ಅಂತ ಅರ್ಥ ಹಚ್ಚಿದರೆ ಹೊಂದುವುದಿಲ್ಲ, ‘ಇಡು’ ಅಂದರೆ ತಟ್ಟನೆ ಕೂರುತ್ತದೆ.

‘ಧಾ’ ಬೇರಿನಿಂದ ಸಂಸ್ಕೃತದಲ್ಲಿ ಹುಟ್ಟಿ ಕನ್ನಡಕ್ಕೆ ಬಂದ ಪದಗಳನ್ನು ನೆನಪು ಮಾಡಿಕೊಳ್ಳಿ. ಕೆಳಗೆ ಇಟ್ಟದ್ದು, ಬಚ್ಚಿಟ್ಟದ್ದು ನಿಧಿ. ಎರಡನ್ನು ಒಟ್ಟಿಗೆ ಇಟ್ಟರೆ ಸಂಧಿ. ಮನಸ್ಸನ್ನು ಒಂದು ಕಡೆ ಇಟ್ಟರೆ ಅವಧಾನ. ಸಮಾಧಾನ, ಪ್ರಧಾನ, ವಿಧಾನ ಎಲ್ಲ ಇದೇ ಬಳಗ. ವಿಧಾನಸೌಧದ ಹೆಸರಿನ ಮೊದಲ ಭಾಗಕ್ಕೂ ಇಂಗ್ಲಿಷಿನ ‘ಡು’ಗೂ ಒಂದೇ ಬೇರು. ಗ್ರೀಕರಲ್ಲಿ ಈ ಬೇರಿನ ‘ಧ’ ಅವರ ‘ಥ’ ಆಯಿತು. ‘ಥೀಸಿಸ್’, ‘ಥೀಮ್’ ಅಲ್ಲಿಂದ ಬಂದವು. ವಿಜ್ಞಾನದ ಪಾಠದಲ್ಲಿ ‘ಫೋಟೋಸಿಂಥೆಸಿಸ್’ ಓದುತ್ತೇವೆ. ಆ ‘ಸಿಂಥೆಸಿಸ್’ನಲ್ಲಿ ‘ಒಟ್ಟಿಗೆ’ ಎನ್ನುವ ತುಣುಕಿದೆ, ‘ಇಡುವುದು’ ಎನ್ನುವ ತುಣುಕಿದೆ. ಕನ್ನಡ ಪೀರಿಯಡ್ಡಿನಲ್ಲಿ ಓದುವ ‘ಸಂಧಿ’ಯ ಕಟ್ಟಡವೂ ಅದೇ. ಲ್ಯಾಟಿನ್ನಿನಲ್ಲಿ ಪದದ ಮೊದಲಿಗೆ ಬರುವ ‘ಧ’ ಸಾಮಾನ್ಯವಾಗಿ ‘ಫ’ ಆಗುತ್ತದೆ. ‘ಫ್ಯಾಕ್ಟ್’, ‘ಫ್ಯಾಕ್ಟರಿ’, ‘ಎಫೆಕ್ಟ್’ ಇವೆಲ್ಲ ಆ ಕಡೆಯ ನೆಂಟರು.

ಇನ್ನೊಂದು ಜೋಡಿ ನನಗೆ ತುಂಬಾ ಇಷ್ಟ. ಸಂಸ್ಕೃತದ ‘ಶ್ರದ್ಧಾ’ ಅಂದರೆ ಶ್ರತ್ ಮತ್ತು ಧಾ. ‘ಶ್ರತ್’ ಎನ್ನುವುದನ್ನು ಹೃದಯಕ್ಕೆ ಸಂಬಂಧಿಸಿದ ಪದ ಎಂದು ವಿದ್ವಾಂಸರು ವಿವರಿಸುತ್ತಾರೆ. ಹೃದಯವನ್ನು ಇಡುವುದೇ ಶ್ರದ್ಧೆ. ಲ್ಯಾಟಿನ್ನಿನಲ್ಲಿ ಅದೇ ಜೋಡಿಪದ ‘ಕ್ರೇದೋ’ ಆಯಿತು. ನಂಬುತ್ತೇನೆ ಎಂದು ಅರ್ಥ. ‘ಕ್ರೆಡಿಟ್’ ಬಂದದ್ದು ಅಲ್ಲಿಂದಲೇ. ಬ್ಯಾಂಕಿನವರು ಕೊಡುವ ಕ್ರೆಡಿಟ್ಟಿಗೂ ನಮ್ಮ ಶ್ರದ್ಧೆಗೂ ಇಷ್ಟು ಹತ್ತಿರದ ಸಂಬಂಧ ಇದೆ.

ಶಾಲೆಯ ವ್ಯಾಕರಣದಲ್ಲಿ ಕ್ರಿಯಾಪದದ ಮೂಲ ರೂಪಕ್ಕೆ ಏನನ್ನುತ್ತೇವೆ? ಧಾತು. ಹದಿಮೂರನೇ ಶತಮಾನದಲ್ಲಿ ಕೇಶಿರಾಜ ಹಳಗನ್ನಡದ ಧಾತುಗಳನ್ನು ಪಟ್ಟಿ ಮಾಡಿ ಕೊಟ್ಟಾಗ ಬಳಸಿದ್ದೂ ಇದೇ ಹೆಸರನ್ನು. ಈ ‘ಧಾತು’ ಕೂಡ ‘ಧಾ’ದಿಂದ ಬಂದದ್ದು. ಬುಡದಲ್ಲಿ ಇಟ್ಟದ್ದು, ಅಡಿಪಾಯದ ವಸ್ತು ಎಂಬ ಅರ್ಥ. ಅಂದರೆ ಕ್ರಿಯಾಪದದ ಬೇರಿಗೆ ನಾವು ಹೇಳುವ ಹೆಸರೇ ‘ಡು’ ಎಂಬ ಕ್ರಿಯಾಪದದ ರಕ್ತಸಂಬಂಧಿ.

ಇಂಗ್ಲಿಷಿನೊಳಗಿನ ನೆಂಟರ ಕಡೆ ಬರೋಣ. ‘ಡೀಡ್’ ಅಂದರೆ ಮಾಡಿದ ಕೆಲಸ. ಆಮೇಲೆ ಸಹಿ ಹಾಕಿ ಮಾಡಿಕೊಂಡ ಪತ್ರಕ್ಕೂ ಅದೇ ಹೆಸರಾಯಿತು. ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲಿ ಮನೆ, ಜಮೀನಿನ ‘ಸೇಲ್ ಡೀಡ್’ ಮಾಡಿಸುತ್ತೇವಲ್ಲ, ಅದೇ ಡೀಡ್. ‘ಕಿಂಗ್‌ಡಮ್’, ‘ಫ್ರೀಡಮ್’, ‘ವಿಸ್ಡಮ್’ ಪದಗಳ ಕೊನೆಯ ‘ಡಮ್’ ಹುಟ್ಟಿದ್ದು ‘ಡೂಮ್’ ಎಂಬ ಪದದಿಂದ. ಈ ‘ಡೂಮ್’ ಹತ್ತಿರ ಸ್ವಲ್ಪ ಹೊತ್ತು ನಿಲ್ಲಬೇಕು.

‘ಡೂಮ್’ ಅಂದರೆ ಇವತ್ತು ಸರ್ವನಾಶ, ತಪ್ಪಿಸಿಕೊಳ್ಳಲಾಗದ ಕೆಟ್ಟ ಗತಿ. ಹಳೆಯ ಇಂಗ್ಲಿಷಿನಲ್ಲಿ ಅದರ ಅರ್ಥ ಕಾನೂನು, ತೀರ್ಪು. ‘ಇಟ್ಟದ್ದು’, ಅಂದರೆ ಹೀಗೇ ಇರಬೇಕು ಎಂದು ಹಾಕಿಕೊಟ್ಟ ಕಟ್ಟಳೆ. ರಾಜ ಆಲ್ಫ್ರೆಡ್ ಒಂಬತ್ತನೇ ಶತಮಾನದಲ್ಲಿ ಮಾಡಿಸಿದ ಕಾನೂನಿನ ಪುಸ್ತಕಕ್ಕೆ ‘ಡೋಮ್ ಬೋಕ್’ ಎಂಬ ಹೆಸರಿತ್ತು. 1086ರಲ್ಲಿ ವಿಲಿಯಂ ದೊರೆ ಇಂಗ್ಲೆಂಡಿನ ಜಮೀನು, ಎತ್ತು, ನೇಗಿಲುಗಳ ಲೆಕ್ಕ ಬರೆಸಿದ. ಅದರಲ್ಲಿ ಬರೆದದ್ದನ್ನು ಯಾರೂ ಪ್ರಶ್ನಿಸುವ ಹಾಗಿರಲಿಲ್ಲ. ದೇವರ ಕೊನೆಯ ತೀರ್ಪಿನ ಹಾಗೆ. ಅದಕ್ಕೇ ಜನ ಅದನ್ನು ‘ಡೂಮ್ಸ್‌ಡೇ ಬುಕ್’ ಎಂದು ಕರೆದರು. ತೀರ್ಪಿನ ದಿನದಿಂದ ವಿನಾಶದ ದಿನಕ್ಕೆ ಅರ್ಥ ಜಾರಿದ್ದು ಆಮೇಲೆ.

ಈಗ ನಮ್ಮ ‘ವಿಧಿ’ ನೋಡಿ. ಅದೂ ‘ಧಾ’ದಿಂದಲೇ ಬಂದದ್ದು. ಸಂವಿಧಾನದ 21ನೇ ವಿಧಿ ಅಂದಾಗ ಕಾನೂನು. ‘ವಿಧಿಯಾಟ’, ‘ವಿಧಿ ಬರಹ’ ಅಂದಾಗ ಹಣೆಬರಹ. ಒಂದೇ ಬೇರಿನ ಎರಡು ಪದಗಳು ಎರಡು ದೂರದ ನಾಡುಗಳಲ್ಲಿ ‘ಇಟ್ಟದ್ದು’ ಎಂಬಲ್ಲಿಂದ ಹೊರಟು, ‘ಕಟ್ಟಳೆ’ಯನ್ನು ದಾಟಿ, ‘ತಪ್ಪಿಸಿಕೊಳ್ಳಲಾಗದ ಗತಿ’ಗೆ ಬಂದು ಸೇರಿದವು. ಒಂದನ್ನೊಂದು ನೋಡಿ ಕಲಿತದ್ದಲ್ಲ. ಮನುಷ್ಯರ ಯೋಚನೆ ನಡೆಯುವ ದಾರಿಯೇ ಹಾಗೆ ಅನ್ನಿಸುತ್ತದೆ. ಅಂದಹಾಗೆ, ‘ತೀರ್ಪು ಕೊಡು’ ಎಂಬ ಅರ್ಥದಲ್ಲಿ ‘ಡೂಮ್’ನಿಂದ ಹುಟ್ಟಿದ ಕ್ರಿಯಾಪದ ‘ಡೀಮ್’. ಡೀಮ್ಡ್ ಯೂನಿವರ್ಸಿಟಿ ಎಂದು ಕೇಳಿದ್ದೀರಿ. ಮಲೆನಾಡಿನ ಕಡೆಯವರಾದರೆ ಡೀಮ್ಡ್ ಫಾರೆಸ್ಟ್ ಎಂಬ ಮಾತನ್ನೂ ಸಾಕಷ್ಟು ಸಲ ಕೇಳಿರುತ್ತೀರಿ. ಹಾಗೆಂದು ತೀರ್ಮಾನಿಸಿದ್ದು ಎಂದರ್ಥ.

ಇನ್ನು ‘ಡು’ ಮೊದಲ ಸಲ ಸವೆದ ಕಥೆ.

ಇಂಗ್ಲಿಷಿನಲ್ಲಿ ಕ್ರಿಯಾಪದಕ್ಕೆ ಭೂತಕಾಲ ಮಾಡುವ ದಾರಿ ಎರಡು. ಒಂದು ಹಳೆಯದು, ಒಳಗಿನ ಸ್ವರ ಬದಲಾಯಿಸುವುದು: ಸಿಂಗ್, ಸ್ಯಾಂಗ್, ಸಂಗ್. ಇನ್ನೊಂದು, ಕೊನೆಗೆ ‘ಡ್’ ಅಥವಾ ‘ಟ್’ ಸದ್ದು ಸೇರಿಸುವುದು: ಲವ್, ಲವ್ಡ್. ಎರಡನೆಯದು ಇಂಗ್ಲಿಷ್, ಜರ್ಮನ್, ಡಚ್, ಸ್ವೀಡಿಷ್ ಸೇರಿದ ಜರ್ಮನಿಕ್ ಭಾಷೆಗಳಲ್ಲಿ ಮಾತ್ರ ಹುಟ್ಟಿದ ಹೊಸ ದಾರಿ. ಆ ‘ಡ್’ ಎಲ್ಲಿಂದ ಬಂತು? ಹೆಚ್ಚಿನ ವಿದ್ವಾಂಸರು ಒಪ್ಪುವ ಉತ್ತರ ಹೀಗಿದೆ: ಅದು ‘ಡಿಡ್’ನ ಚೂರು.

ಒಂದು ಹೆಸರಿನಿಂದ ಹೊಸದಾಗಿ ಕ್ರಿಯಾಪದ ಮಾಡಿಕೊಂಡಾಗ ಅದಕ್ಕೆ ಸ್ವರ ಬದಲಾಯಿಸುವ ಹಳೆಯ ಪದ್ಧತಿ ಹೊಂದುವುದಿಲ್ಲ. ಆಗ ಜನ ಆ ಪದದ ಪಕ್ಕದಲ್ಲಿ ‘ಮಾಡಿದೆ’ ಎಂಬುದನ್ನು ಇಟ್ಟರು. ಹೇಳುತ್ತಾ ಹೇಳುತ್ತಾ ಅದು ಅಂಟಿಕೊಂಡಿತು, ಸವೆಯಿತು, ಬರೀ ಒಂದು ಪ್ರತ್ಯಯವಾಯಿತು. ಇದಕ್ಕೆ ಸಾಕ್ಷಿ ಇದೇ ಬಳಗದ, ಈಗ ಅಳಿದುಹೋಗಿರುವ ಗೋಥಿಕ್ ಭಾಷೆಯಲ್ಲಿ ಸಿಗುತ್ತದೆ. ನಾಲ್ಕನೇ ಶತಮಾನದಲ್ಲಿ ವುಲ್ಫಿಲಾ ಎಂಬ ಬಿಷಪ್ ಬೈಬಲನ್ನು ಆ ಭಾಷೆಗೆ ತಂದ. ಅದರ ಒಂದು ಚೆಂದದ ಹಳೆಯ ಪ್ರತಿ ಇವತ್ತು ಸ್ವೀಡನ್ನಿನ ಉಪ್ಸಾಲಾದಲ್ಲಿದೆ. ಗೋಥಿಕ್‌ನಲ್ಲಿ ‘ನಾವು ಎಣ್ಣೆ ಹಚ್ಚಿದೆವು’ ಅನ್ನಲು ‘ಸಲ್ಬೋದೇದುಮ್’ ಎಂಬ ರೂಪ ಇದೆ. ಅದರ ಬಾಲ ನೋಡಿ: ‘ದೇದುಮ್’. ‘ಮಾಡಿದೆವು’ ಎಂಬುದು ಅಲ್ಲಿ ಇನ್ನೂ ಹೆಚ್ಚುಕಮ್ಮಿ ಇಡಿಯಾಗಿ ಕೂತಿದೆ. ಇಂಗ್ಲಿಷಿಗೆ ಬರುವಷ್ಟರಲ್ಲಿ ಅದು ಒಂದೇ ಒಂದು ‘ಡ್’ ಆಗಿ ಉಳಿಯಿತು.

‘ಡಿಡ್’ ಎಂಬುದರಲ್ಲೇ ಯಾಕೆ ಎರಡು ‘ಡ’ ಇವೆ ಎಂದು ಯಾವತ್ತಾದರೂ ಯೋಚಿಸಿದ್ದೀರಾ? ಸಂಸ್ಕೃತದಲ್ಲಿ ‘ಧಾ’ ಬೇರು ‘ದಧಾತಿ’ ಆಗುವಾಗ ಮೊದಲ ಅಕ್ಷರ ಎರಡು ಸಲ ಬರುತ್ತದೆ. ‘ಡಿಡ್’ನಲ್ಲಿ ಇರುವುದೂ ಅದೇ ಇಮ್ಮಡಿ. ಮೊದಲ ‘ಡ’ ಮರುಕಳಿಕೆ, ಎರಡನೆಯದು ನಿಜವಾದ ಬೇರು. ಸಾವಿರಾರು ವರ್ಷ ಸವೆದ ಮೇಲೂ ಆ ಗುರುತು ಉಳಿದಿದೆ ಎಂಬುದು ನನಗೆ ಈಗಲೂ ಮೈ ಜುಮ್ಮೆನ್ನಿಸುವ ಸಂಗತಿ.

ಈಗ ನಮ್ಮ ಮನೆಗೆ ಬನ್ನಿ. ಕನ್ನಡಕ್ಕೆ ಹೊರಗಿನಿಂದ ಕ್ರಿಯೆಯ ಪದ ಬಂದರೆ ಏನು ಮಾಡುತ್ತೇವೆ? ಫೋನ್ ಮಾಡು, ಡೌನ್‌ಲೋಡ್ ಮಾಡು, ಬುಕ್ ಮಾಡು. ಬಸ್ಸಿನಲ್ಲಿ ‘ಸ್ವಲ್ಪ ಅಡ್ಜಸ್ಟ್ ಮಾಡಿ’. ಸುಮ್ನೆ ಅಡ್ಜಸ್ಟಿಗೆ ಕನ್ನಡದ ಪ್ರತ್ಯಯ ಹಚ್ಚಿ ‘ಅಡ್ಜಸ್ಟಿದೆ’ ಅನ್ನುವುದಿಲ್ಲ. ತಾನಾಗೇ ನಡೆಯುವ ಕ್ರಿಯೆಯಾದರೆ ‘ಆಗು’ ಬರುತ್ತದೆ: ಫೋನ್ ಹ್ಯಾಂಗ್ ಆಯಿತು, ನೆಟ್ ಕನೆಕ್ಟ್ ಆಗಲಿಲ್ಲ. ಹಿಂದೆ ಸಂಸ್ಕೃತದಿಂದ ತಂದಾಗ ‘ಇಸು’ ಹಚ್ಚುತ್ತಿದ್ದೆವು: ಭಾವಿಸು, ಪ್ರೀತಿಸು, ಚಿಂತಿಸು. ಇಂಗ್ಲಿಷಿಗೆ ‘ಮಾಡು’ ಜಾಸ್ತಿ ಒಗ್ಗಿತು.

‘ಗೂಗಲ್ಡ್’ ಎಂಬ ಇಂಗ್ಲಿಷ್ ಪದವನ್ನು ನಮ್ಮ ‘ಗೂಗಲ್ ಮಾಡಿದೆ’ ಪಕ್ಕ ಇಡಿ. ಎರಡರಲ್ಲೂ ಇರುವುದು ಗೂಗಲ್ ಮತ್ತು ‘ಮಾಡಿದೆ’. ಅವರದು ಎರಡು ಸಾವಿರ ವರ್ಷಕ್ಕೂ ಹಿಂದೆಯೇ ಅಂಟಿಕೊಂಡು ಸವೆದದ್ದು, ನಮ್ಮದು ಇನ್ನೂ ಬಿಡಿಬಿಡಿಯಾಗಿ ನಿಂತಿದೆ. ಅಷ್ಟೇ ವ್ಯತ್ಯಾಸ.

ಇಲ್ಲಿ ಒಂದು ಎಚ್ಚರಿಕೆ ಹೇಳಲೇಬೇಕು. ಕನ್ನಡದ ಭೂತಕಾಲದಲ್ಲೂ ‘ದ’ ಇದೆ: ಮಾಡಿದ, ಹೋದ, ಬಂದ. ಇಂಗ್ಲಿಷಿನ ‘ಲವ್ಡ್’ನಲ್ಲೂ ‘ಡ್’ ಇದೆ. ಇವೆರಡೂ ಒಂದೇ ಎಂದು ವಾಟ್ಸಾಪಿನಲ್ಲಿ ಸುತ್ತುವ ಬರಹಗಳು ಹೇಳಬಹುದು. ಅಲ್ಲ. ಇದು ಕಾಕತಾಳೀಯ. ಕನ್ನಡದ ‘ದ’ಕ್ಕೆ ಒಡಹುಟ್ಟಿದವರು ತಮಿಳಿನಲ್ಲಿ, ಉಳಿದ ದ್ರಾವಿಡ ಭಾಷೆಗಳಲ್ಲಿ ಇದ್ದಾರೆ. ದಕ್ಷಿಣದ ಭಾಷೆಗಳು ಸಂಸ್ಕೃತದಿಂದ ಹುಟ್ಟಿದವಲ್ಲ, ಬೇರೆಯೇ ಕುಟುಂಬ ಎಂದು ಮದರಾಸಿನ ಅಧಿಕಾರಿ ಎಲ್ಲಿಸ್ 1816ರಲ್ಲೇ ತೋರಿಸಿಕೊಟ್ಟ. 1856ರಲ್ಲಿ ಕಾಲ್ಡ್‌ವೆಲ್ ಅದನ್ನು ದೊಡ್ಡ ವ್ಯಾಕರಣವಾಗಿ ಬೆಳೆಸಿದ. ಒಂದೇ ಸದ್ದು ಕೇಳಿಸಿತು ಎಂದು ನೆಂಟಸ್ತನ ಹೇಳಲಾಗುವುದಿಲ್ಲ. ‘ಧ’ ಸಂಸ್ಕೃತದಲ್ಲಿ ಹಾಗೇ, ಗ್ರೀಕಿನಲ್ಲಿ ‘ಥ’, ಲ್ಯಾಟಿನ್ನಿನ ಮೊದಲಿಗೆ ‘ಫ’, ಇಂಗ್ಲಿಷಿನಲ್ಲಿ ‘ಡ’ ಎಂದೆನಲ್ಲ, ಆ ಹೊಂದಿಕೆ ಪದದಿಂದ ಪದಕ್ಕೆ ನಿಯಮದಂತೆ ಮತ್ತೆ ಮತ್ತೆ ಬರಬೇಕು. ಜರ್ಮನಿಕ್ ಭಾಷೆಗಳ ಮಟ್ಟಿಗೆ ಆ ನಿಯಮಗಳನ್ನು ಯಾಕೋಬ್ ಗ್ರಿಮ್ 1822ರಲ್ಲಿ ಜೋಡಿಸಿಟ್ಟ.

ಎರಡನೇ ಸವೆತ ಇನ್ನೂ ಸೊಗಸಾಗಿದೆ. ‘ಡು ಯು ನೋ’ ಎಂಬಲ್ಲಿರುವ ‘ಡು’ ಹುಟ್ಟಿದ್ದು ಈ ಸಲ.

ಹದಿಮೂರನೇ ಶತಮಾನದ ಇಂಗ್ಲಿಷ್ ಬರಹಗಳಲ್ಲಿ, ಅದರಲ್ಲೂ ಇಂಗ್ಲೆಂಡಿನ ನೈಋತ್ಯ ಭಾಗದವುಗಳಲ್ಲಿ, ಅರ್ಥವಿಲ್ಲದ ‘ಡು’ ಕಾಣಿಸಿಕೊಳ್ಳುತ್ತದೆ. ಹೇಗೆ ಬಂತು ಎಂಬುದಕ್ಕೆ ಸ್ವೀಡನ್ನಿನ ಭಾಷಾ ವಿದ್ವಾಂಸ ಆಲ್ವರ್ ಎಲ್ಲೆಗೋರ್ಡ್ 1953ರಲ್ಲಿ ಒಂದು ವಿವರಣೆ ಕೊಟ್ಟ. ಆ ಕಾಲದಲ್ಲಿ ‘ಡು’ಗೆ ‘ಮಾಡಿಸು’ ಎಂಬ ಅರ್ಥವೂ ಇತ್ತು. ‘ಅವನು ಚರ್ಚು ಕಟ್ಟಿಸಿದ’ ಎನ್ನಲು ‘ಹಿ ಡಿಡ್ ಬಿಲ್ಡ್’ ಎಂಬಂಥ ರಚನೆ ಬಳಸುತ್ತಿದ್ದರು. ಕಟ್ಟಿದವರು ಯಾರು ಎಂದು ಹೇಳದೇ ಹೋದಾಗ ‘ಕಟ್ಟಿಸಿದ’ ಎಂಬುದಕ್ಕೂ ‘ಕಟ್ಟಿದ’ ಎಂಬುದಕ್ಕೂ ಕೇಳುವವರಿಗೆ ಅಂಥ ವ್ಯತ್ಯಾಸ ಉಳಿಯುವುದಿಲ್ಲ.

ಇದು ನಮಗೆ ಚೆನ್ನಾಗಿ ಅರ್ಥವಾಗಬೇಕು. ಕೆಂಪೇಗೌಡರು ಬೆಂಗಳೂರು ಕಟ್ಟಿದರು ಅನ್ನುತ್ತೇವೆ. ಕಲ್ಲು ಹೊತ್ತವರು ಬೇರೆ, ಕೆಂಪೇಗೌಡರು ಕಟ್ಟಿಸಿದರು. ಆದರೂ ‘ಕಟ್ಟಿದರು’ ಅಂದರೆ ಯಾರಿಗೂ ತಪ್ಪು ಅನ್ನಿಸುವುದಿಲ್ಲ. ಕನ್ನಡದಲ್ಲಿ ‘ಇಸು’ ಎಂಬ ಗಟ್ಟಿ ಪ್ರತ್ಯಯ ಇದೆ, ಬೇಕಾದಾಗ ಬಿಡಿಸಿ ಹೇಳಬಹುದು. ಶ್ರವಣಬೆಳಗೊಳದ ಗೊಮ್ಮಟನ ಕಾಲ ಬಳಿ ಹತ್ತನೇ ಶತಮಾನದ ಕೊನೆಯಲ್ಲಿ ಆ ಮೂರ್ತಿಯನ್ನು ನಿಲ್ಲಿಸಿದವನ ಹೆಸರಿದೆ: ‘ಶ್ರೀ ಚಾವುಂಡರಾಜಂ ಮಾಡಿಸಿದಂ’. ಮಾಡಿದಂ ಅಲ್ಲ, ಮಾಡಿಸಿದಂ. ಇಂಗ್ಲಿಷಿಗೆ ಅಂಥ ಪ್ರತ್ಯಯ ಇರಲಿಲ್ಲ. ‘ಮಾಡಿಸು’ ಎಂಬ ‘ಡು’ ಅರ್ಥ ಕಳೆದುಕೊಂಡು ಸುಮ್ನೆ ಪಕ್ಕದಲ್ಲಿ ನಿಲ್ಲುವ ‘ಡು’ ಆಯಿತು. ಇಂಗ್ಲೆಂಡಿಗೆ ಅಚ್ಚುಮೊಳೆ ತಂದ ಕ್ಯಾಕ್ಸ್‌ಟನ್‌ನ ಹದಿನೈದನೇ ಶತಮಾನದ ಗದ್ಯದಲ್ಲಿ ‘ಡಿಡ್ ಡು ಮೇಕ್’ ಎಂಬಂಥ ಮಾತು ಬರುತ್ತದೆ. ಮೊದಲ ‘ಡಿಡ್’ ಬರೀ ಭೂತಕಾಲ ಹೇಳುತ್ತದೆ, ಎರಡನೇ ‘ಡು’ ‘ಮಾಡಿಸು’ ಎನ್ನುತ್ತದೆ. ಹಳೆಯ ಅರ್ಥವೂ ಹೊಸ ಕೆಲಸವೂ ಒಂದೇ ವಾಕ್ಯದಲ್ಲಿ ಸಿಕ್ಕಿಬಿದ್ದಿವೆ.

ಇನ್ನೊಂದು ವಾದವೂ ಇದೆ. ಇಂಗ್ಲೆಂಡಿನ ಪಶ್ಚಿಮಕ್ಕಿರುವ ವೇಲ್ಸ್ ಮತ್ತು ನೈಋತ್ಯ ಮೂಲೆಯ ಕಾರ್ನ್‌ವಾಲ್‌ನ ಸೆಲ್ಟಿಕ್ ಭಾಷೆಗಳಲ್ಲಿ ‘ಮಾಡು’ ಎಂಬ ಕ್ರಿಯಾಪದವನ್ನು ಹೀಗೇ ಸಹಾಯಕ್ಕೆ ಬಳಸುತ್ತಾರೆ, ಇಂಗ್ಲಿಷ್ ಅವರಿಂದ ಕಲಿತಿತು ಎಂದು. ನೈಋತ್ಯದಲ್ಲೇ ಮೊದಲು ಕಂಡಿತು ಎಂಬುದು ಈ ವಾದಕ್ಕೆ ಬಲ ಕೊಡುತ್ತದೆ. ಆದರೆ ಇಂಗ್ಲಿಷಿನ ಹಳೆಯ ರೂಪವನ್ನು ಆಡುತ್ತಿದ್ದ ಆಂಗ್ಲೋ-ಸ್ಯಾಕ್ಸನ್ನರು ಬ್ರಿಟನ್ನಿಗೆ ಬಂದದ್ದು ಐದನೇ ಶತಮಾನದಲ್ಲಿ. ಅಷ್ಟು ಶತಮಾನ ಬರಹದಲ್ಲಿ ಸುಳಿವಿಲ್ಲದೆ ಇದ್ದು ಹದಿಮೂರರಲ್ಲಿ ತಲೆ ಎತ್ತಿತು ಅನ್ನುವುದು ನನಗೆ ಕಷ್ಟ ಅನ್ನಿಸುತ್ತದೆ. ಜರ್ಮನ್ ಆಡುಮಾತಿನಲ್ಲೂ ‘ಟುನ್’ ಹೀಗೆ ಬರುತ್ತದೆ. ನನ್ನ ಒಲವು ‘ಮಾಡಿಸು’ ಕಡೆಗೇ.

ಹದಿನಾರನೇ ಶತಮಾನದಲ್ಲಿ ಈ ‘ಡು’ ಎಲ್ಲೆಲ್ಲೂ ಹರಡಿತು. ಒತ್ತು ಏನೂ ಇಲ್ಲದೆ ‘ಐ ಡು ಲವ್’ ಎಂದೂ ಬರೆಯುತ್ತಿದ್ದರು. ಪ್ರಶ್ನೆಯಲ್ಲಿ ಅದು ಬೇರೂರಿದ್ದಕ್ಕೆ ಒಂದು ಒಳ್ಳೆಯ ಕಾರಣ ಇದೆ. ಇಂಗ್ಲಿಷ್ ವಿಭಕ್ತಿ ಪ್ರತ್ಯಯಗಳನ್ನು ಕಳೆದುಕೊಂಡಿತ್ತು. ಯಾರು ಯಾರನ್ನು ಎಂಬುದು ಪದಗಳು ನಿಂತ ಜಾಗದಿಂದಲೇ ತಿಳಿಯಬೇಕು. ‘ಸಾ ದ ಕಿಂಗ್ ದ ಬಿಷಪ್?’ ಅಂದರೆ ನೋಡಿದ್ದು ರಾಜನೋ ಬಿಷಪ್ಪನೋ? ‘ಡಿಡ್ ದ ಕಿಂಗ್ ಸೀ ದ ಬಿಷಪ್?’ ಅಂದರೆ ಕರ್ತೃ, ಕ್ರಿಯೆ, ಕರ್ಮ ತಮ್ಮ ತಮ್ಮ ಜಾಗದಲ್ಲೇ ಇರುತ್ತವೆ. ಪ್ರಶ್ನೆಯ ಗುರುತೂ ಕಾಲದ ಗುರುತೂ ಮುಂದೆ ‘ಡಿಡ್’ ಮೇಲೆ ಬೀಳುತ್ತವೆ. ನಮಗೆ ‘ಅನ್ನು’ ಇದೆ. ರಾಜ ಬಿಷಪ್ಪನನ್ನು ನೋಡಿದನಾ, ಬಿಷಪ್ಪನನ್ನು ರಾಜ ನೋಡಿದನಾ, ಹೇಗೆ ತಿರುಗಿಸಿದರೂ ಅರ್ಥ ಅಲುಗುವುದಿಲ್ಲ. ಹಾಗಾಗಿ ನಮಗೆ ‘ಡು’ ಬೇಕಾಗಲೇ ಇಲ್ಲ.

ಇಲ್ಲ ಎನ್ನುವ ವಾಕ್ಯಗಳು ಮಾತ್ರ ನಿಧಾನವಾಗಿ ಬದಲಾದವು. 1611ರ ಇಂಗ್ಲಿಷ್ ಬೈಬಲಿನಲ್ಲಿ ಶಿಲುಬೆಯ ಮೇಲಿನ ಯೇಸುವಿನ ಮಾತು ‘ದೆ ನೋ ನಾಟ್ ವಾಟ್ ದೆ ಡು’ ಎಂದಿದೆ. ತಾವೇನು ಮಾಡುತ್ತಿದ್ದಾರೋ ಅವರು ಅರಿಯರು. ಇಲ್ಲಿ ‘ಡು’ ನಿಜವಾದ ‘ಮಾಡು’. ‘ಅರಿಯರು’ ಎನ್ನಲು ಮಾತ್ರ ಅದರ ಸಹಾಯ ಬೇಕಾಗಿಲ್ಲ. ಎಲ್ಲೆಗೋರ್ಡ್ ನೂರಾರು ಬರಹಗಳನ್ನು ಎಣಿಸಿ ನೋಡಿದಾಗ ‘ನೋ’, ‘ಡೌಟ್’ನಂಥ ಕೆಲವು ಪದಗಳು ಹೊಸ ಪದ್ಧತಿಗೆ ಕೊನೆಯವರೆಗೂ ಬಗ್ಗಲಿಲ್ಲ ಎಂದು ಕಂಡಿತು. ದಿನಾ ಬಾಯಲ್ಲಿ ಓಡಾಡುವ ಪದಕ್ಕೆ ಹಳೆಯ ಅಭ್ಯಾಸ ಗಟ್ಟಿ. ಸುಮಾರು 1700ರ ಹೊತ್ತಿಗೆ ಇವತ್ತಿನ ನಿಯಮ ನೆಲೆಯಾಯಿತು. 1961ರಲ್ಲಿ ಕೆನಡಿ ಅಮೆರಿಕದ ಅಧ್ಯಕ್ಷನಾಗಿ ಮಾಡಿದ ಭಾಷಣದಲ್ಲಿ ‘ಆಸ್ಕ್ ನಾಟ್’ ಎಂದ. ‘ಡು ನಾಟ್ ಆಸ್ಕ್’ ಎನ್ನಲಿಲ್ಲ. ಆ ಹಳೆಯ ಜೋಡಣೆಯಿಂದಲೇ ಮಾತಿಗೆ ಗಾಂಭೀರ್ಯ ಬಂತು.

ಕನ್ನಡದಲ್ಲೂ ಹೀಗೇ ನಡೆದಿದೆ. ಹಳಗನ್ನಡದಲ್ಲಿ, ವಚನಗಳಲ್ಲಿ ‘ಅರಿಯೆ’, ‘ಮಾಡೆ’, ‘ಬಾರೆ’ ಎನ್ನುತ್ತಿದ್ದರು. ‘ಇಲ್ಲ’ ಎಂಬ ಪದವೇ ಬೇಕಿರಲಿಲ್ಲ, ಕ್ರಿಯಾಪದವೇ ನಿಷೇಧ ಹೇಳುತ್ತಿತ್ತು. ಕಾಲದ ಗುರುತು ಮಾತ್ರ ಅದರಲ್ಲಿ ಇರಲಿಲ್ಲ. ಈಗ ‘ಮಾಡುವುದಿಲ್ಲ’, ‘ಮಾಡಲಿಲ್ಲ’, ‘ಮಾಡಿಲ್ಲ’ ಎನ್ನುತ್ತೇವೆ. ‘ಇಲ್ಲ’ ಎಂಬ ಬೇರೆ ಪದ ಸಹಾಯಕ್ಕೆ ಬಂದಿದೆ, ಕಾಲವೂ ಸ್ಪಷ್ಟವಾಗಿದೆ. ಹಳೆಯದು ಉಳಿದಿರುವುದು ದಿನಬಳಕೆಯ ಕೆಲವು ಪದಗಳಲ್ಲಿ: ಬಾರದು, ಕೂಡದು, ಉತ್ತರ ಕರ್ನಾಟಕದವರ ‘ಒಲ್ಲೆ’. ‘ಐ ನೋ ನಾಟ್’ ಎಂಬುದನ್ನು ಮಕ್ಕಳಿಗೆ ವಿವರಿಸಬೇಕಾದರೆ ‘ನಾನರಿಯೆ’ ಅನ್ನಿ. ಹಳೆಯ ಮಾತಿನ ರುಚಿ ಕೂಡ ಹಾಗೇ ದಾಟುತ್ತದೆ.

ಮಾತು ಮುಗಿದ ಮೇಲೆ ಮೇಷ್ಟ್ರೊಬ್ಬರು ‘ಡಿಡ್ ಯು ವೆಂಟ್’ ಎಂದು ಮಕ್ಕಳು ಬರೆಯುವುದರ ಬಗ್ಗೆ ಕೇಳಿದರು. ಆ ಮಕ್ಕಳನ್ನು ಬೈಯಬೇಡಿ. ಕನ್ನಡದಲ್ಲಿ ‘ನೀನು ಹೋದೆಯಾ’ ಎನ್ನುವಾಗ ಭೂತಕಾಲ ‘ಹೋದೆ’ಯಲ್ಲೇ ಇದೆ. ಅದನ್ನು ಅಲ್ಲೇ ಇಡಬೇಕು ಅನ್ನಿಸುವುದು ಸಹಜ. ‘ಡಿಡ್’ ಬಂದ ಕೂಡಲೇ ಕಾಲದ ಗುರುತು ಅಲ್ಲಿಗೆ ಹೋಯಿತು, ಉಳಿದದ್ದು ಬರೀ ಧಾತು ಎಂದು ಹೇಳಿಕೊಡಿ. ಅದಕ್ಕೆ ನಮ್ಮದೇ ಉದಾಹರಣೆ ಇದೆ. ‘ಫೋನ್ ಮಾಡಿದೆ’ ಎನ್ನುವಾಗ ‘ಫೋನ್’ಗೆ ಕಾಲ ಹಚ್ಚುವುದಿಲ್ಲ, ‘ಮಾಡು’ಗೆ ಮಾತ್ರ ಹಚ್ಚುತ್ತೇವೆ. ಮಕ್ಕಳಿಗೆ ಇದು ಬೇಗ ಹಿಡಿಯುತ್ತದೆ.

‘ಹೌ ಡು ಯು ಡು’ನಲ್ಲಿ ಎರಡು ‘ಡು’ ಯಾಕೆ ಎಂದೂ ಒಬ್ಬರು ಕೇಳಿದರು. ಮೊದಲನೆಯದು ಪ್ರಶ್ನೆಯ ‘ಡು’. ಎರಡನೆಯದು ‘ಬಾಳು, ಕ್ಷೇಮವಾಗಿರು’ ಎಂಬ ಇನ್ನೊಂದು ಹಳೆಯ ಅರ್ಥದ್ದು.

ಕೊನೆಯ ಪ್ರಶ್ನೆ ‘ಮಾಡು’ ಬಗ್ಗೆ ಬಂತು. ಕನ್ನಡದಲ್ಲಿ ಮೊದಲಿನಿಂದಲೂ ಇದೊಂದೇ ಇತ್ತಾ? ಇಲ್ಲ. ಹಳಗನ್ನಡದಲ್ಲಿ ‘ಗೆಯ್’ ಎಂಬ ಕ್ರಿಯಾಪದವೂ ಇತ್ತು. ಮಾಡು ಎಂದೇ ಅರ್ಥ. ಕನ್ನಡದ ‘ಕಿವಿ’ ತೆಲುಗಿನಲ್ಲಿ ‘ಚೆವಿ’, ತಮಿಳಿನಲ್ಲಿ ‘ಸೆವಿ’ ಆಗುವ ನಿಯಮದಂತೆ, ಈ ‘ಗೆಯ್’ಗೆ ತೆಲುಗಿನಲ್ಲಿ ‘ಚೇಯು’, ತಮಿಳಿನಲ್ಲಿ ‘ಸೆಯ್’ ಜೊತೆಗಾರರು. ಅವರಿಬ್ಬರಿಗೂ ಇವತ್ತಿಗೂ ಮಾಡುವುದಕ್ಕೆ ಅದೇ ಪದ. ಗೊಮ್ಮಟನ ಕಾಲ ಬಳಿ ಕನ್ನಡದ ‘ಮಾಡಿಸಿದಂ’ ಜೊತೆಗೆ ತಮಿಳಿನಲ್ಲೂ ಒಂದು ಸಾಲಿದೆ, ಅಲ್ಲಿ ‘ಸೆಯ್ವಿತ್ತಾನ್’ ಎಂದಿದೆ. ಅದರ ಬೇರು ನಮ್ಮ ‘ಗೆಯ್’ ಜೊತೆ ಹುಟ್ಟಿದ್ದೇ. ಕನ್ನಡದಲ್ಲಿ ಮಾತ್ರ ‘ಮಾಡು’ ಗೆದ್ದಿತು. ‘ಗೆಯ್’ ಈಗ ಎರಡು ಕಡೆ ಉಳಿದಿದೆ. ಸಭೆಯ ವರದಿಗಳಲ್ಲಿ ‘ಭಾಷಣಗೈದರು’ ಎಂದು ಬರುತ್ತದೆ. ಇನ್ನೊಂದು ಹಳೇ ಮೈಸೂರು ಕಡೆಯ ರೈತರ ಬಾಯಲ್ಲಿ: ಹೊಲದ ದುಡಿಮೆಗೆ ಅವರು ‘ಗೇಮೆ’ ಅನ್ನುತ್ತಾರೆ. ‘ಗೇಮೆ ಮಾಡ್ತೀವಿ’ ಅನ್ನುವಾಗ ಕನ್ನಡದ ಹಳೆಯ ‘ಡು’ವೂ ಹೊಸ ‘ಡು’ವೂ ಅಕ್ಕಪಕ್ಕ ನಿಂತಿರುತ್ತವೆ.